ಒಡೆದಿದ್ದು ಮೇಲಿನ ಪ್ಲೇಟು, ಸವೆದಿದ್ದು ಕೆಳಗಿನ ಪಿನ್ನು: ಭಾವನ ಹಳೆ ಬ್ಯಾಕ್‌ಹೋ ರಿಪೇರಿ

ಏಪ್ರಿಲ್ ಕೊನೆಯ ವಾರ ಭಾವ ಫೋನ್ ಮಾಡಿ, "ಒಂದು ಸಣ್ಣ ವೆಲ್ಡಿಂಗ್ ಇದೆ ಮಾರಾಯ, ಅರ್ಧ ಗಂಟೆ ಕೆಲಸ" ಅಂದರು. ಭಾವನ ಅರ್ಧ ಗಂಟೆ ಅಂದರೆ ಎರಡು ದಿನ ಅಂತ ನಾನು ಲೆಕ್ಕ ಇಟ್ಟುಕೊಂಡಿದ್ದೆ. ಹದಿನಾರು ದಿನ ಹಿಡಿಯಿತು. ಅದರಲ್ಲಿ ಮೂರು ದಿನ ಹೋಗಿದ್ದು ನನ್ನದೇ ತಪ್ಪಿನಿಂದ, ಅದನ್ನೂ ಬರೆಯುತ್ತೇನೆ.

ನನ್ನದು ಹೊಸನಗರ ತಾಲೂಕಿನಲ್ಲಿ ಒಂದು ಸಣ್ಣ ವೆಲ್ಡಿಂಗ್ ಶೆಡ್. ಗೇಟು, ಟ್ರೈಲರ್, ನೇಗಿಲು, ಅಡಿಕೆ ಸುಲಿಯುವ ಮಿಷನ್ನಿನ ಸ್ಟ್ಯಾಂಡು, ಹೀಗೆ ಬಂದಿದ್ದೆಲ್ಲ ಮಾಡುತ್ತೇನೆ. ಭಾವನ ತೋಟ ಇದೇ ತಾಲೂಕಿನ ನಗರ ಅನ್ನುವ ಊರಿನ ಕಡೆ. ಹಿಂದಿನ ವರ್ಷ ಅವರು ಬಯಲುಸೀಮೆಯಿಂದ ಒಂದು ಸೆಕೆಂಡ್ ಹ್ಯಾಂಡ್ ಬ್ಯಾಕ್‌ಹೋ ತಂದಿದ್ದರು. ಟ್ರ್ಯಾಕ್ಟರ್ ಹಿಂದೆ ಕಟ್ಟಿಕೊಂಡು ಮಣ್ಣು ಅಗೆಯುವ ಕೈ ಅದು, ನಮ್ಮ ಕಡೆ ಎಲ್ಲರೂ ಟ್ರ್ಯಾಕ್ಟರ್ ಜೆಸಿಬಿ ಅಂತಲೇ ಕರೆಯೋದು. ಮಳೆ ಹಿಡಿಯುವ ಮೊದಲು ತೋಟದ ಅಂಚಿನ ದೊಡ್ಡ ಕಾಲುವೆ ಬಿಡಿಸಬೇಕು, ಬೇಣದ ಸುತ್ತ ಅಗಳ ತೆಗೆಯಬೇಕು, ಬಾಡಿಗೆ ಮಿಷನ್ನಿಗೆ ಕಾಯುತ್ತಾ ಕೂತರೆ ಜೂನ್ ಬಂದುಬಿಡುತ್ತದೆ ಅನ್ನೋದು ಅವರ ಲೆಕ್ಕ. ಲೆಕ್ಕ ಸರಿಯೇ ಇತ್ತು. ಭಾರೀ ಮಳೆಗೆ ಹೆಸರಾದ ಹುಲಿಕಲ್ ಇರುವ ತಾಲೂಕು ನಮ್ಮದು, ಇಲ್ಲಿ ಮಳೆ ಶುರುವಾದರೆ ಕಾಲುವೆ ಅಗೆಯುವ ಮಾತೇ ಇಲ್ಲ.

ಆದರೆ ಬಯಲುಸೀಮೆಯ ಕಪ್ಪು ಮಣ್ಣು ಬೇರೆ, ನಮ್ಮ ಜಂಬಿಟ್ಟಿಗೆ ಬೇರೆ. ಜಂಬಿಟ್ಟಿಗೆ ಒಳಗೆ ಹಸಿ ಇದ್ದಾಗ ಹಾರೆಗೆ ಸಿಗುತ್ತದೆ. ಗಾಳಿ ಬಿಸಿಲು ತಾಗಿ ಒಣಗಿದ ಮೇಲೆ ಕಲ್ಲೇ. ಏಪ್ರಿಲ್‌ನಲ್ಲಿ ಅದಕ್ಕೆ ಬಕೆಟ್ ಹಾಕಿದರೆ ಹಲ್ಲು ಕಚ್ಚಿ ನಿಂತು, ಹೊಡೆತವೆಲ್ಲ ಹಿಂದಕ್ಕೆ ಫ್ರೇಮಿಗೆ ಬರುತ್ತದೆ.

ಮಿಷನ್ ಶೆಡ್ಡಿಗೆ ಬಂದಾಗ ಮೊದಲು ಕಣ್ಣಿಗೆ ಬಿದ್ದಿದ್ದು ವೆಲ್ಡಿಂಗ್ ಗುಡ್ಡೆ. ಸುಮ್ನೆ ಮಾತಿಗೆ ಹೇಳುತ್ತಿಲ್ಲ, ಹುತ್ತದ ಹಾಗೆ ಎದ್ದು ನಿಂತಿತ್ತು. ವಿಷಯ ಅರ್ಥವಾಗಬೇಕಾದರೆ ಜಾಗ ಯಾವುದು ಅಂತ ಹೇಳಬೇಕು. ಬ್ಯಾಕ್‌ಹೋ ಫ್ರೇಮಿನಿಂದ ಎರಡು ದಪ್ಪ ಪ್ಲೇಟು ಹೊರಗೆ ಚಾಚಿರುತ್ತವೆ, ಮೇಲೊಂದು ಕೆಳಗೊಂದು. ಅದಕ್ಕೆ ನಾವು ಕಿವಿ ಅಂತೀವಿ. ಎರಡು ಕಿವಿಯ ನಡುವೆ ಒಂದು ಗಿಡ್ಡ ಕಂಬ ನಿಂತಿರುತ್ತದೆ, ಬೂಮ್, ಅಂದರೆ ಅಗೆಯುವ ಕೈಯ ಬುಡದ ದೊಡ್ಡ ತೋಳು, ಎಡಕ್ಕೆ ಬಲಕ್ಕೆ ತಿರುಗುವುದು ಆ ಕಂಬದ ಮೇಲೆ. ಕಂಬದ ಮೇಲಿನ ತುದಿಗೊಂದು ಪಿನ್ನು, ಕೆಳಗಿನ ತುದಿಗೊಂದು ಪಿನ್ನು. ಬಾಗಿಲಿಗೆ ಎರಡು ಕೀಲು ಇದ್ದ ಹಾಗೆ ಅಂದುಕೊಳ್ಳಿ. ಒಡೆದಿದ್ದು ಮೇಲಿನ ಕಿವಿ, ಫ್ರೇಮಿಗೆ ಸೇರುವ ಬುಡದಲ್ಲಿ, ಬಲಗಡೆ.

"ಎಷ್ಟು ಸಲ ವೆಲ್ಡ್ ಮಾಡಿಸಿದ್ದೀರಿ ಭಾವ?"

"ನಾನು ಎರಡು ಸಲ. ಕೊಟ್ಟವನು ಎಷ್ಟು ಸಲ ಮಾಡಿಸಿದ್ದನೋ ದೇವರಿಗೇ ಗೊತ್ತು. ನೀನು ಈಗ ಇನ್ನೊಂದು ಪಟ್ಟಿ ಇಟ್ಟು ಗಟ್ಟಿ ಮಾಡಿಕೊಡು, ಮಳೆಗಾಲ ಕಳೆದರೆ ಸಾಕು."

ಗ್ರೈಂಡರ್ ಹಿಡಿದು ಹಳೆ ವೆಲ್ಡಿಂಗ್ ತೆಗೆಯತೊಡಗಿದೆ. ಮೇಲಿನ ಪದರ ಹೋದ ಮೇಲೆ ಅದರಡಿ ಇನ್ನೊಂದು, ಅದರಡಿ ಸ್ಲ್ಯಾಗ್ (ವೆಲ್ಡಿನ ಮೇಲೆ ಕಟ್ಟುವ ಚಕ್ಕೆ) ಕೂಡ ಬಿಡಿಸದೆ ಹಾಕಿದ್ದು ಮತ್ತೊಂದು. ಅರ್ಧ ಇಂಚು ಇಳಿಯುವಾಗ ಕಿಡಿಯ ಬಣ್ಣ, ಸದ್ದು ಎರಡೂ ಬೇರೆಯಾಯಿತು. ನಿಲ್ಲಿಸಿ ನೋಡಿದರೆ ಒಳಗೆ ಎಂಟು ಎಂಎಂ ಸ್ಲ್ಯಾಬ್ ಕಂಬಿ ಮಲಗಿದೆ! ಸಂದು ಅಗಲ ಆಗಿದೆ ಅಂತ ಯಾರೋ ಪುಣ್ಯಾತ್ಮರು ಕಂಬಿ ತುಂಡು ತುರುಕಿ ಮೇಲೆ ವೆಲ್ಡ್ ಎಳೆದಿದ್ದರು. ಕಂಬಿಯ ಮೇಲಿನ ಗೆರೆಗೆರೆ ಹಾಗೇ ಇತ್ತು, ಅಂದರೆ ಅದು ಕರಗಿಯೇ ಇರಲಿಲ್ಲ. ಇಕ್ಕಳದಲ್ಲಿ ಹಿಡಿದು ಎಳೆದರೆ ಹಲ್ಲಿನ ಸಂದಿಯ ಅಡಿಕೆ ಚೂರಿನ ಹಾಗೆ ಹೊರಗೆ ಬಂತು. ಅದನ್ನು ಇನ್ನೂ ಶೆಡ್ಡಿನ ಗೋಡೆಗೆ ನೇತು ಹಾಕಿದ್ದೇನೆ.

ಇಲ್ಲಿಗೇ ಕಾರಣ ಸಿಕ್ಕಿತು, ಕೆಟ್ಟ ವೆಲ್ಡಿಂಗ್ ಅಂತ ಬಿಟ್ಟುಬಿಡಬಹುದಿತ್ತು. ಆದರೆ ನನಗೆ ಒಂದು ವಿಷಯ ಕೊರೆಯುತ್ತಿತ್ತು. ಇಷ್ಟು ಸಲ ಅದೇ ಜಾಗ ಯಾಕೆ? ಮೊದಲ ಸಲ ಒಡೆದಾಗ ಅಲ್ಲಿದ್ದಿದ್ದು ಕಂಪನಿ ವೆಲ್ಡಿಂಗ್, ಆಗ ಅಲ್ಲಿ ಕಂಬಿ ಇರಲಿಲ್ಲವಲ್ಲ. ಕೆಳಗಿನ ಕಿವಿಗೆ ಒಂದು ಗೀರು ಕೂಡ ಇಲ್ಲ.

ಬಕೆಟ್ ನೆಲದಿಂದ ಎತ್ತಿ ಸ್ಟ್ಯಾಂಡ್ ಕೊಟ್ಟು, ಇಂಜಿನ್ ಆಫ್ ಮಾಡಿ, ಲಿವರ್ ಎಲ್ಲ ಆಡಿಸಿ ಆಯಿಲ್ ಪ್ರೆಷರ್ ಬಿಟ್ಟೆ. ಆಮೇಲೆ ಹಾರೆ ಕೊಟ್ಟು ಕಂಬದ ಬುಡ ಅಲ್ಲಾಡಿಸಿದೆ. ಕೆಳಗಿನ ಪಿನ್ನಿನ ಹತ್ತಿರ ಕಂಬ ಹಿಂದೆ ಮುಂದೆ ಟಕ್ ಟಕ್ ಅಂತ ಆಡುತ್ತಿತ್ತು. ಅಳೆದರೆ ಆರು ಎಂಎಂ. ಮೇಲಿನ ಪಿನ್ನಿನಲ್ಲಿ ಒಂದು ಎಂಎಂ ಕೂಡ ಇಲ್ಲ. ಆರು ಎಂಎಂ ಅಂದರೆ ಎಂತ ಮಹಾ ಅನಿಸಬಹುದು. ಎರಡು ಪಿನ್ನಿನ ನಡುವೆ ಅಂತರ 40 ಸೆಂಟಿಮೀಟರ್, ಬೂಮು, ಅದರ ತುದಿಗಿರುವ ಆರ್ಮು ಎರಡೂ ಚಾಚಿದರೆ ಬಕೆಟ್ ಮೂರೂವರೆ ಮೀಟರ್ ದೂರ. ಬುಡದ ಆರು ಎಂಎಂ ಬಕೆಟ್ ತುದಿಯಲ್ಲಿ ಎರಡು ಇಂಚು ಆಗುತ್ತದೆ. ಪ್ರತಿ ಸಲ ಕಚ್ಚಿ ಎಳೆಯುವಾಗ ಕಂಬ ಮೊದಲು ಆ ಆರು ಎಂಎಂ ಓಡಿ ಹೋಗಿ ಹೊಡೆಯುತ್ತದೆ. ಅಷ್ಟು ಹೊತ್ತು ಕಂಬವನ್ನು ಹಿಡಿದಿಟ್ಟುಕೊಳ್ಳುವುದು ಮೇಲಿನ ಕಿವಿ ಒಂದೇ. ಕೆಳಗಿನ ಕೀಲು ಸಡಿಲವಾದ ಬಾಗಿಲು ಮೇಲಿನ ಕೀಲಿನ ಸ್ಕ್ರೂ ಕಿತ್ತುಕೊಂಡು ಬರೋದಿಲ್ವಾ, ಅದೇ ಕಥೆ.

ಹಾಗಾದರೆ ಕೆಳಗಿನ ಬುಷ್, ಅಂದರೆ ಪಿನ್ನಿನ ಸುತ್ತ ತೂತಿನೊಳಗೆ ಕೂರುವ ಕೊಳವೆ, ಯಾರೂ ಬದಲಿಸಲಿಲ್ಲ ಯಾಕೆ? ಅಡಿಗೆ ತೂರಿ ಟಾರ್ಚ್ ಬಿಟ್ಟು ನೋಡಿದಾಗ ಗೊತ್ತಾಯಿತು. ಪಿನ್ನು ಕೆಳಗೆ ಬೀಳದ ಹಾಗೆ ತಡೆಯುವ ಲಾಕ್ ಬೋಲ್ಟು ಯಾವತ್ತೋ ತುಂಡಾಗಿದೆ. ಅದಕ್ಕೆ ಸುಲಭದ ದಾರಿ ಅಂತ ಪಿನ್ನಿನ ತಲೆಯನ್ನೇ ಕಿವಿಗೆ ಸುತ್ತಲೂ ವೆಲ್ಡ್ ಮಾಡಿದ್ದಾರೆ. ಗ್ರೀಸ್ ತುಂಬುವ ನಿಪ್ಪಲ್ ಇದ್ದಿದ್ದೂ ಪಿನ್ನಿನ ತಲೆಯಲ್ಲೇ, ಅದು ಸುಟ್ಟು ವೆಲ್ಡಿಂಗ್ ಒಳಗೆ ಹುಗಿದು ಹೋಗಿದೆ. ಅವತ್ತಿನಿಂದ ಆ ಪಿನ್ನಿಗೆ ಒಂದು ಹನಿ ಗ್ರೀಸ್ ಹೋಗಿಲ್ಲ, ಪಿನ್ನು ಹೊರಗೆ ಬರದ ಕಾರಣ ಬುಷ್ ಬದಲಿಸುವ ದಾರಿಯೂ ಇಲ್ಲ. ಬುಷ್ ಸವೆದು ಮುಗಿದು, ಆಮೇಲೆ ಪಿನ್ನು ಸವೆದು, ಆಮೇಲೆ ಕಂಬದ ತೂತೇ ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಆ ಪುಟ್ಟ ಬೋಲ್ಟಿಗೆ ಎಷ್ಟು ರೂಪಾಯಿ ಇದ್ದೀತು ಹೇಳಿ.

ಭಾವನಿಗೆ ಇದೆಲ್ಲ ತೋರಿಸಿದೆ. ಅವರು ಎಲೆಅಡಿಕೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. "ಹಂಗಾದ್ರೆ ಗುಜರಿಗೆ ಹಾಕೋದಾ?" ಅಂದರು. ಬೂಮು, ಆರ್ಮು ಎರಡೂ ನೆಟ್ಟಗಿದ್ದವು, ಕೈಯನ್ನು ಆಡಿಸುವ ಹೈಡ್ರಾಲಿಕ್ ಜಾಕುಗಳ ರಾಡು ಬಗ್ಗಿರಲಿಲ್ಲ, ಪಂಪಿನ ಸದ್ದು ಸರಿಯಾಗಿತ್ತು. ಇವುಗಳಲ್ಲಿ ಯಾವುದಾದರೂ ಎರಡು ಹೋಗಿದ್ದರೆ ಗುಜರಿಯೇ ಸರಿ ಅಂತಿದ್ದೆ. "ಬೇಡ ಭಾವ, ಬಿಟ್ಟು ಹೋಗಿ. ಆದ್ರೆ ಪಟ್ಟಿ ಗಿಟ್ಟಿ ಅನ್ನಬೇಡಿ" ಅಂದೆ.

ಪಟ್ಟಿಯ ಬಗ್ಗೆ ಒಂದು ಮಾತು. ಹಿಂದೆ ಹಾಕಿದ್ದ ಒಂದು ಚೌಕ ಪಟ್ಟಿ ಕಿವಿಯ ಮೇಲೆ ಇತ್ತು. ಹೊಸ ಬಿರುಕು ಎಲ್ಲಿ ಹುಟ್ಟಿತ್ತು ಗೊತ್ತಾ? ಆ ಪಟ್ಟಿ ಮುಗಿಯುವ ಗೆರೆಯಲ್ಲೇ, ಸ್ಕೇಲ್ ಇಟ್ಟು ಎಳೆದ ಹಾಗೆ. ಎಳೆತ ಬೀಳುವ ಪ್ಲೇಟಿನ ಮೇಲೆ ಅಡ್ಡಡ್ಡ ವೆಲ್ಡ್ ಹಾಕಿದರೆ ಗಟ್ಟಿಯಾದ ಭಾಗ ಅಲ್ಲಿ ದಿಢೀರ್ ಅಂತ ಮುಗಿಯುತ್ತದೆ, ಮುಂದಿನ ಮೆತ್ತಗಿನ ಭಾಗ ಬಗ್ಗಲು ಹೋಗಿ ಆ ಗೆರೆಯಲ್ಲೇ ಒಡೆಯುತ್ತದೆ. ಪಟ್ಟಿ ಕೊಡಲೇಬೇಕು ಅಂದರೆ ತುದಿ ಚೂಪಾಗಿ, ಗಾಳಿಪಟದ ಆಕಾರದಲ್ಲಿ ಕತ್ತರಿಸಿ, ಆ ಚೂಪು ತುದಿಗೆ ಅಡ್ಡ ವೆಲ್ಡ್ ಹಾಕದೆ ಬಿಡಬೇಕು. ನಾನು ಪಟ್ಟಿಯನ್ನೇ ಕಿತ್ತು ಎಸೆದೆ.

ಮೊದಲು ವೆಲ್ಡಾಗಿದ್ದ ಪಿನ್ನಿನ ತಲೆ ಗ್ಯಾಸ್ ಕಟ್ಟರ್‌ನಲ್ಲಿ ಕತ್ತರಿಸಿ, ಹತ್ತು ಕೆಜಿ ಸುತ್ತಿಗೆಯಲ್ಲಿ ಹೊಡೆದು ಪಿನ್ನು ಹೊರಗೆ ತೆಗೆದೆವು. ಅರ್ಧ ದಿನ ಅದಕ್ಕೇ ಹೋಯಿತು. ಮೂಲದಲ್ಲಿ 45 ಎಂಎಂ ಪಿನ್ನು, ಸವೆದ ಕಡೆ 42. ಬುಷ್ಷಿನದು ತಗಡಿನಂಥ ಎರಡು ಚೂರು ಉಳಿದಿತ್ತು ಅಷ್ಟೆ.

ಕಿವಿಯ ಬಿರುಕು ಎಲ್ಲಿಯವರೆಗೆ ಹೋಗಿದೆ ಅಂತ ಬರಿ ಕಣ್ಣಿಗೆ ತಿಳಿಯುವುದಿಲ್ಲ. ಅದಕ್ಕೆ ಮೂರು ಡಬ್ಬಿಯ ಸ್ಪ್ರೇ ಸಿಗುತ್ತದೆ, ಕ್ಲೀನರ್, ಕೆಂಪು ಬಣ್ಣ, ಬಿಳಿ ಪುಡಿ. ಚೆನ್ನಾಗಿ ಒರೆಸಿ ಕೆಂಪು ಹೊಡೆದು ಹದಿನೈದು ನಿಮಿಷ ಬಿಡಬೇಕು. ಮೇಲಿನದನ್ನು ಬಟ್ಟೆಯಲ್ಲಿ ಒರೆಸಿ ಬಿಳಿ ಹೊಡೆದರೆ ಬಿರುಕಿನೊಳಗೆ ಇಳಿದ ಕೆಂಪು ನಿಧಾನಕ್ಕೆ ಮೇಲೆ ಬರುತ್ತದೆ, ಬಿಳಿ ಗೋಡೆ ಮೇಲೆ ಎಲೆಅಡಿಕೆ ರಸ ಇಳಿದ ಹಾಗೆ. ನಾನು ಒಂದು ಗೇಣು ಇರಬಹುದು ಅಂದುಕೊಂಡಿದ್ದ ಬಿರುಕು ಇನ್ನೂ ನಾಲ್ಕು ಬೆರಳು ಆಚೆ ಹೋಗಿತ್ತು. ಅದರ ಕೊನೆಯಲ್ಲಿ ಆರು ಎಂಎಂ ಡ್ರಿಲ್ ಹಾಕಿದೆ. ಬಿರುಕಿನ ತುದಿ ಸೂಜಿಯ ಹಾಗೆ ಚೂಪಾಗಿರುತ್ತದೆ, ಎಲ್ಲ ಒತ್ತಡ ಅಲ್ಲೇ ಸೇರಿ ಮುಂದೆ ಸೀಳುತ್ತದೆ. ದುಂಡು ತೂತು ಸಿಕ್ಕರೆ ಅಲ್ಲಿಗೆ ನಿಲ್ಲುತ್ತದೆ.

ಆಮೇಲೆ ಬಿರುಕಿನ ಉದ್ದಕ್ಕೂ ಗ್ರೈಂಡರ್‌ನಲ್ಲಿ ವಿ ಆಕಾರ ಕೊರೆದೆ. 20 ಎಂಎಂ ದಪ್ಪದ ಪ್ಲೇಟು, ಎರಡೂ ಕಡೆ 30 ಡಿಗ್ರಿ ಇಳಿಜಾರು, ತಳದಲ್ಲಿ ಮೂರು ಎಂಎಂ ಸಂದು. ವರ್ಷಗಟ್ಟಲೆ ಹೈಡ್ರಾಲಿಕ್ ಆಯಿಲ್ ಕುಡಿದ ಬಿರುಕು ಅದು. ಗ್ಯಾಸ್ ಬೆಂಕಿ ತೋರಿಸಿದರೆ ಒಳಗಿಂದ ಎಣ್ಣೆ ಬೆವರಿನ ಹಾಗೆ ಬಂತು. ಕಾಯಿಸೋದು, ಒರೆಸೋದು, ಮತ್ತೆ ಕಾಯಿಸೋದು. ನಾಲ್ಕು ಸಲ ಮಾಡಿದ ಮೇಲೆ ಹೊಗೆ ನಿಂತಿತು. ಈ ಎಣ್ಣೆ ಬಿಟ್ಟು ವೆಲ್ಡ್ ಮಾಡಿದರೆ ಒಳಗೆಲ್ಲ ಗುಳ್ಳೆ.

ವೆಲ್ಡಿಂಗ್ ರಾಡಿನ ವಿಷಯಕ್ಕೆ ಬರೋಣ, ಯಾಕಂದರೆ ನಮ್ಮೂರ ಹವಾಮಾನಕ್ಕೆ ಇದು ಬಹಳ ಮುಖ್ಯ. ಗೇಟು ಗ್ರಿಲ್ಲಿಗೆ ಎಲ್ಲರೂ ಬಳಸೋದು 6013 ರಾಡು. ಚೆಂದ ಓಡುತ್ತದೆ, ನೋಡಲೂ ಚೆಂದ. ಹೊಡೆತ ತಿನ್ನುವ ದಪ್ಪ ಪ್ಲೇಟಿಗೆ 7018 ಬೇಕು, ಅದು ಲೋ ಹೈಡ್ರೋಜನ್ ರಾಡು. ಅದರ ಲೇಪಕ್ಕೆ ತೇವ ತಾಗಿದರೆ ಆ ನೀರಿನ ಹೈಡ್ರೋಜನ್ ವೆಲ್ಡಿಂಗ್ ಒಳಗೆ ಸೇರುತ್ತದೆ. ವೆಲ್ಡ್ ಮುಗಿಸಿ ಚಹಾ ಕುಡಿಯುವಾಗ ಎಲ್ಲ ಚೆನ್ನಾಗೇ ಕಾಣುತ್ತದೆ, ಬಿರುಕು ಬಿಡೋದು ರಾತ್ರಿಯೋ ಮಾರನೇ ದಿನವೋ. ನಮ್ಮ ಶೆಡ್ಡಿನ ಹುಡುಗ ಒಮ್ಮೆ ಕೊಯ್ಲಿನ ದಿನಗಳಲ್ಲಿ ರಾಡಿನ ಪ್ಯಾಕೆಟ್ಟನ್ನು ಅಡಿಕೆ ಬೇಯಿಸುವ ಹಂಡೆಯ ಪಕ್ಕ ಬೆಚ್ಚಗಿರಲಿ ಅಂತ ಇಟ್ಟಿದ್ದ. ಬೆಚ್ಚಗೇನೋ ಇತ್ತು, ಜೊತೆಗೆ ದಿನವಿಡೀ ಆವಿಯನ್ನೂ ಕುಡಿದಿತ್ತು. ಆ ಪ್ಯಾಕೆಟ್ ಎಸೆದಿದ್ದು ಇವತ್ತಿಗೂ ನೆನಪಿದೆ. ಈ ಸಲ ಹೊಸ ಸೀಲ್ಡ್ ಪ್ಯಾಕೆಟ್ ತಂದೆ. ಅದರ ಜೊತೆ ಪರಿಚಯದವರ ಹತ್ತಿರ ರಾಡ್ ಓವನ್ ಎರವಲು ತಂದು, ಒಡೆದ ಪ್ಯಾಕೆಟ್ಟನ್ನು ಅದರಲ್ಲೇ ಇಟ್ಟು ಒಂದೊಂದೇ ರಾಡು ತೆಗೆದು ಬಳಸಿದೆ.

ನನ್ನ ಹತ್ತಿರ ಇದ್ದ ಹಳೆ ಎಸಿ ಟ್ರಾನ್ಸ್‌ಫಾರ್ಮರ್ ಮಿಷನ್ನಿನಲ್ಲಿ ಈ ರಾಡು ಸರಿಯಾಗಿ ನಿಲ್ಲುವುದಿಲ್ಲ. ಇನ್ವರ್ಟರ್ ಮಿಷನ್, ಡಿಸಿ, ರಾಡು ಪ್ಲಸ್‌ಗೆ. ಅರ್ತ್ ಕ್ಲ್ಯಾಂಪ್ ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಕಚ್ಚಿಸಿದೆ. ದೂರ ಎಲ್ಲೋ ಬಕೆಟ್ಟಿಗೆ ಕಚ್ಚಿಸಿದರೆ ಕರೆಂಟು ಪಿನ್ನು, ಬುಷ್ಷು, ಜಾಕಿನ ಮೂಲಕ ಹಾದು ಅಲ್ಲೆಲ್ಲ ಕಿಡಿ ಹಾರಿ ಗುಳಿ ಬೀಳುತ್ತದೆ. ಜಾಕಿನ ಹೊಳೆಯುವ ರಾಡಿಗೆ ಒದ್ದೆ ಗೋಣಿಚೀಲ ಸುತ್ತಿದೆ. ಹಿಂದಿನವರು ಸುತ್ತಿರಲಿಲ್ಲ, ಬೂಮ್ ಜಾಕಿನ ಕ್ರೋಮ್ ಮೇಲೆ ಸಾಸಿವೆ ಕಾಳಿನಷ್ಟು ವೆಲ್ಡಿಂಗ್ ಹನಿ ಅಂಟಿಕೊಂಡಿತ್ತು. ರಾಡು ಒಳಗೆ ಹೋಗಿ ಬರುವಾಗಲೆಲ್ಲ ಅದು ಸೀಲ್ ಕೊಯ್ದಿದೆ. ಆ ಜಾಕು ಆಯಿಲ್ ಸೋರುತ್ತಿದ್ದುದಕ್ಕೆ ಕಾರಣ ಅದೇ. ಸೀಲ್ ಕಿಟ್ ಬದಲಿಸಿ ಹನಿಯನ್ನು ಎಣ್ಣೆಕಲ್ಲಿನಲ್ಲಿ ಉಜ್ಜಿ ತೆಗೆದೆ.

ಪ್ಲೇಟನ್ನು ಮೊದಲು ಬಿಸಿ ಮಾಡಿದೆ, ನೀರು ಚಿಮುಕಿಸಿದರೆ ಚುಂಯ್ ಅಂತ ತಕ್ಷಣ ಹಾರಿ ಹೋಗುವಷ್ಟು. 3.15 ಎಂಎಂ ರಾಡಿನಲ್ಲಿ 115 ಆಂಪಿಯರ್ ಇಟ್ಟು ತಳದ ರನ್ (ವೆಲ್ಡಿನ ಒಂದು ಸಾಲು), ಆಮೇಲೆ ನಾಲ್ಕು ಎಂಎಂ ರಾಡಿನಲ್ಲಿ 160ಕ್ಕೆ ತುಂಬಿದ್ದು. ಪ್ರತಿ ರನ್ ಆದ ಮೇಲೂ ಸ್ಲ್ಯಾಗ್ ಪೂರ್ತಿ ಬಿಡಿಸಿ ಬ್ರಷ್ ಹಾಕಿ, ಕಣ್ಣಿಟ್ಟು ನೋಡಿ ಮುಂದಿನದು. ಒಂದೇ ಕಡೆ ತುಂಬಿದರೆ ಕಿವಿ ಎಳೆದುಕೊಳ್ಳುತ್ತದೆ ಅಂತ ಮೇಲೊಂದು ಅಡಿಗೊಂದು ಹಾಕುತ್ತಾ ಹೋದೆ. ಮುಗಿದ ಮೇಲೆ ಮೇಲ್ಮೈ ನುಣ್ಣಗೆ ಉಜ್ಜಿ, ವೆಲ್ಡು ಪ್ಲೇಟಿಗೆ ಸೇರುವ ಅಂಚಿನಲ್ಲಿ ಮೆಟ್ಟಿಲು ಇರದ ಹಾಗೆ ಮಾಡಿದೆ. ಬಿಸಿ ಇದ್ದಾಗಲೇ ಬೂದಿ ತುಂಬಿದ ಗೋಣಿಚೀಲ ಹೊದಿಸಿ ರಾತ್ರಿ ಬಿಟ್ಟೆ. ಬೆಳಗ್ಗೆ ಕೆಂಪು ಬಿಳಿ ಸ್ಪ್ರೇ ಮತ್ತೆ ಹೊಡೆದೆ. ಒಂದು ಗೆರೆಯೂ ಏಳಲಿಲ್ಲ.

ಇನ್ನು ನನ್ನ ತಪ್ಪು. ಕಂಬದ ಕೆಳಗಿನ ತೂತು ಮೊಟ್ಟೆಯಾಗಿತ್ತಲ್ಲ, ಆ ಭಾಗ ಕತ್ತರಿಸಿ ತೆಗೆದು ಹೊಸ ದಪ್ಪ ಬಳೆ ಕೂರಿಸಬೇಕಿತ್ತು. ಬಳೆ, ಬುಷ್ಷು, ಹೊಸ ಪಿನ್ನು ಶಿವಮೊಗ್ಗ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಒಂದು ಲೇತಿನಲ್ಲಿ ಮಾಡಿಸಿದೆ. ಪಿನ್ನಿಗೆ ಇಎನ್ 8 ಅನ್ನುವ ಗಟ್ಟಿ ಸ್ಟೀಲು, ಬಳೆಗೆ ಮೈಲ್ಡ್ ಸ್ಟೀಲು. ಬಳೆಗೂ ಇಎನ್ 8 ಹಾಕಿಸೋಣ ಅಂತ ಭಾವನಿಗೆ ಆಸೆ, ಆದರೆ ಕಾರ್ಬನ್ ಜಾಸ್ತಿ ಇರುವ ಕಬ್ಬಿಣ ವೆಲ್ಡಿಗೆ ಕಿರಿಕಿರಿ. ಮೇಲಿನ ತೂತಿಗೂ ಕೆಳಗಿನ ತೂತಿಗೂ ಒಂದೇ ನೇರ ಬರಲಿ ಅಂತ ಒಂದು ಉದ್ದ ಡಮ್ಮಿ ಶಾಫ್ಟ್ ಎರಡರಲ್ಲೂ ತೂರಿಸಿ ಬಳೆಗೆ ಅಲ್ಲಲ್ಲಿ ಚುಕ್ಕಿ ವೆಲ್ಡ್ (ಟ್ಯಾಕ್) ಹಾಕಿದೆ. ಅಲ್ಲಿವರೆಗೆ ಸರಿ. ಆಮೇಲೆ ಮಳೆ ಮೋಡ ನೋಡಿ ಅವಸರ ಬಿತ್ತು. ಬಳೆಯ ಸುತ್ತ ಒಂದೇ ಸಮನೆ ವೆಲ್ಡ್ ಎಳೆದುಬಿಟ್ಟೆ. ಆರಿದ ಮೇಲೆ ಬಳೆ ಕುಗ್ಗಿ ಶಾಫ್ಟನ್ನು ಹಿಡಿದುಕೊಂಡಿತು, ಸಾಲದ್ದಕ್ಕೆ ಒಂದು ಕಡೆಗೆ ವಾಲಿತ್ತು. ಸುತ್ತಿಗೆಗೂ ಬಗ್ಗಲಿಲ್ಲ, ಜಾಕಿಗೂ ಬಗ್ಗಲಿಲ್ಲ. ಕೊನೆಗೆ ಬಳೆಯನ್ನೇ ಕತ್ತರಿಸಿ ತೆಗೆದು ಮತ್ತೆ ಶಿವಮೊಗ್ಗಕ್ಕೆ ಹೋದೆ. ಲೇತಿನ ಅಣ್ಣ ಏನೂ ಕೇಳದೆ, "ಎರಡನೇದಾ?" ಅಂತ ನಕ್ಕರು.

ಎರಡನೇ ಬಳೆಗೆ ಒಳಗಡೆ ಅರ್ಧ ಎಂಎಂ ಜಾಸ್ತಿ ಬಿಡಿಸಿಕೊಂಡೆ. ಅದಕ್ಕೆ ಸರಿಯಾಗಿ ಡಮ್ಮಿ ಶಾಫ್ಟಿಗೆ ತೆಳು ತಗಡು ಸುತ್ತಿದೆ. ಈ ಸಲ ಗಡಿಯಾರದ ಹನ್ನೆರಡು ಗಂಟೆ ಜಾಗದಲ್ಲಿ ಎರಡು ಇಂಚು, ಆಮೇಲೆ ಆರರಲ್ಲಿ, ಮೂರರಲ್ಲಿ, ಒಂಬತ್ತರಲ್ಲಿ. ಕೈಯಿಂದ ಮುಟ್ಟಿ ಬಿಸಿ ಕಡಿಮೆಯಾಗಿದೆ ಅನಿಸಿದ ಮೇಲೆ ಮುಂದಿನ ಸುತ್ತು. ಇಡೀ ದಿನ ಹಿಡಿಯಿತು. ಆರಿದ ಮೇಲೆ ತಗಡು ಹರಿದುಕೊಂಡೇ ಶಾಫ್ಟ್ ಹೊರಗೆ ಬಂತು. ಸ್ವಲ್ಪ ಬಿಗಿ ಇದ್ದ ಕಡೆ ನೀಲಿ ಬಣ್ಣ ಹಚ್ಚಿ ನೋಡಿ ಎಮರಿಯಲ್ಲಿ ಉಜ್ಜಿದೆ. ಬುಷ್ಷನ್ನು ರಾತ್ರಿ ಮನೆಯ ಫ್ರೀಜರಿನಲ್ಲಿ ಇಟ್ಟಿದ್ದೆ. 60 ಎಂಎಂ ಬುಷ್ಷು 45 ಡಿಗ್ರಿ ತಣ್ಣಗಾದರೆ 0.03 ಎಂಎಂ ಕುಗ್ಗುತ್ತದೆ, ಬಿಗಿ ಫಿಟ್ಟಿಂಗ್‌ಗೆ ಅಷ್ಟೇ ದೊಡ್ಡ ಉಪಕಾರ. ಮೀನಿನ ಡಬ್ಬಿಯ ಪಕ್ಕ ಕಬ್ಬಿಣ ನೋಡಿ ಮನೆಯವಳು ಅಂದ ಮಾತು ಇಲ್ಲಿ ಬರೆಯುವ ಹಾಗಿಲ್ಲ. ಗ್ರೀಸ್ ನಿಪ್ಪಲ್ಲನ್ನು ಈಗ ಪಿನ್ನಿನ ತಲೆಯಿಂದ ಕಂಬದ ಪಕ್ಕಕ್ಕೆ ತಂದೆ, ಕೂತಲ್ಲಿಂದಲೇ ಗನ್ ಸಿಗುವ ಹಾಗೆ. ಪಿನ್ನಿಗೆ ಲಾಕ್ ಪ್ಲೇಟು, ಎರಡು ಬೋಲ್ಟು.

ಮಿಷನ್ ಟ್ರ್ಯಾಕ್ಟರಿಗೆ ಕಟ್ಟಿದ ಮೇಲೆ ಇನ್ನೊಂದು ಅನುಮಾನ ಬಾಕಿ ಇತ್ತು. ವಾಲ್ವ್ ಬ್ಲಾಕಿನಲ್ಲಿ ಆಯಿಲ್ ಪ್ರೆಷರಿನ ಮಿತಿ ಇಡುವ ರಿಲೀಫ್ ಸ್ಕ್ರೂ ಬಣ್ಣ ಹೋಗಿ ಹೊಳೆಯುತ್ತಿತ್ತು, ಅಂದರೆ ಯಾರೋ ಸ್ಪ್ಯಾನರ್ ಹಾಕಿದ್ದಾರೆ. ಪಕ್ಕದ ತಗಡಿನಲ್ಲಿ 150 ಬಾರ್ ಅಂತ ಅರ್ಧ ಅಳಿಸಿಹೋದ ಅಕ್ಷರ. ಗೇಜು ಕೂರಿಸಿ ಬಕೆಟ್ ಜಾಕನ್ನು ಕೊನೆ ಮುಟ್ಟಿಸಿ ಒಂದೆರಡು ಸೆಕೆಂಡು ಲಿವರ್ ಹಿಡಿದೆ. ಮುಳ್ಳು 200 ದಾಟಿತು! 80 ಎಂಎಂ ಜಾಕು 150 ಬಾರಿಗೆ ಏಳೂವರೆ ಟನ್ ಮೇಲೆ ತಳ್ಳುತ್ತದೆ, 200ಕ್ಕೆ ಹತ್ತು ಟನ್. ಜಂಬಿಟ್ಟಿಗೆ ಕಚ್ಚುತ್ತಿಲ್ಲ ಅಂತ ಸ್ಕ್ರೂ ಬಿಗಿ ಮಾಡಿದ್ದಾರೆ, ಆ ಹೆಚ್ಚಿನ ಎರಡೂವರೆ ಟನ್ ಹೋಗಿ ಕೂತಿದ್ದು ಮೇಲಿನ ಕಿವಿಯ ಮೇಲೆ. ನಾನು ಭಾವನ ಮುಖ ನೋಡಿದೆ. ಅವರು ತೋಟದ ಕಡೆ ನೋಡಿದರು. ನಾನೂ ಮುಂದೆ ಕೇಳಲಿಲ್ಲ. ಸ್ಕ್ರೂ ಬಿಟ್ಟು 150ಕ್ಕೆ ತಂದು ಅದರ ತಲೆಗೆ ಬಣ್ಣದ ಗುರುತು ಹಾಕಿದೆ.

ಗೇಜ್ ಹಾಕುವಾಗ ಒಂದು ಹೋಸ್ ತೆಳ್ಳಗೆ ಜಿನುಗುತ್ತಿತ್ತು, ಹುಡುಗ ಕೈ ಹಾಕಿ ನೋಡಲು ಹೋದ. ಗದರಿದೆ. ಆ ಪ್ರೆಷರಿನ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಗಾಯ ಸೂಜಿಮೊನೆಯಷ್ಟೇ ಕಂಡರೂ ಬೆರಳೇ ಕಳೆದುಕೊಳ್ಳಬೇಕಾಗಬಹುದು. ರಟ್ಟಿನ ಚೂರು ಹಿಡಿದು ನೋಡಬೇಕು.

ಬಲಗಡೆಯೇ ಯಾಕೆ ಒಡೆಯಿತು ಅನ್ನೋದು ಭಾವ ಕೆಲಸ ಮಾಡುವುದನ್ನು ನೋಡಿದಾಗ ತಿಳಿಯಿತು. ಅಗೆದ ಮಣ್ಣನ್ನು ಬಲಕ್ಕೆ ಸುರಿದು, ಆಮೇಲೆ ಬಕೆಟ್ಟಿನ ಪಕ್ಕದಿಂದಲೇ ಆ ಗುಡ್ಡೆಯನ್ನು ಪೊರಕೆಯ ಹಾಗೆ ಗುಡಿಸುತ್ತಿದ್ದರು. ಆ ಅಡ್ಡ ಹೊಡೆತಕ್ಕೆ ಈ ಕಂಬ ಮಾಡಿದ್ದಲ್ಲ.

"ಭಾವ, ಗುಡಿಸಬೇಡಿ. ಎತ್ತಿ ಹಾಕಿ."

"ಟೈಮ್ ಹಿಡೀತದೆ ಮಾರಾಯ."

"ಹದಿನಾರು ದಿನಕ್ಕಿಂತ ಜಾಸ್ತಿಯಾ?"

ಲೇತು, ರಾಡು, ಗ್ಯಾಸು, ಸೀಲ್ ಕಿಟ್ಟು, ಗೇಜು ಎಲ್ಲ ಸೇರಿ ಇಪ್ಪತ್ಮೂರು ಸಾವಿರ ಚಿಲ್ಲರೆ ಆಯಿತು, ನನ್ನ ಕೂಲಿ ಬಿಟ್ಟು. ಎರಡನೇ ಬಳೆಯ ದುಡ್ಡು ನಾನೇ ಹಾಕಿಕೊಂಡೆ. ಕೂಲಿ ಬದಲಿಗೆ ಅವರು ನಮ್ಮ ಮನೆ ಹಿಂದಿನ ಇಂಗುಗುಂಡಿ ತೆಗೆದುಕೊಟ್ಟರು. ಮಿಷನ್ನಿಗೆ ಅದೇ ಪರೀಕ್ಷೆಯೂ ಆಯಿತು. ಮೊದಲ ದಿನ ಶಕ್ತಿ ಕಡಿಮೆ ಆಗಿದೆ ಅಂತ ಗೊಣಗಿದರು. ಎರಡನೇ ದಿನ ಬಕೆಟ್ ಹಲ್ಲು ಬದಲಿಸಿದ ಮೇಲೆ ಆ ಮಾತು ನಿಂತಿತು.

ರಿಪೇರಿ ಮಾಡಿದ ಜಾಗಕ್ಕೆಲ್ಲ ಬಿಳಿ ಪೇಂಟ್ ಹೊಡೆದು ಕಳಿಸಿದ್ದೆ. ಬಿಳಿ ಮೇಲೆ ಕೂದಲೆಳೆ ಬಿರುಕು ಬಂದರೂ ತುಕ್ಕು ಕೆಂಪಾಗಿ ಇಳಿದು ಎದ್ದು ಕಾಣುತ್ತದೆ. ದಿನಕ್ಕೊಮ್ಮೆ, ಸೈಡಿನಿಂದ ಹಳೆ ಗ್ರೀಸ್ ಹೊರಗೆ ಬರುವ ತನಕ ಗನ್ ಹೊಡೆಯಬೇಕು ಅಂತ ಹೇಳಿದ್ದೆ. ಆಗಸ್ಟಿನಲ್ಲಿ ಮಳೆ ಸ್ವಲ್ಪ ಬಿಟ್ಟಾಗ ಅವರ ಮನೆಗೆ ಹೋಗಿದ್ದೆ. ಕೊಟ್ಟಿಗೆ ಪಕ್ಕದ ಮಾಡಿನಡಿ ಮಿಷನ್ ನಿಂತಿತ್ತು. ಮೇಲಿನ ಕಿವಿ ತೊಳೆದು ನೋಡಿದೆ, ಪೇಂಟ್ ಬೆಳ್ಳಗೇ ಇತ್ತು. ಹಾರೆ ಹಾಕಿ ಕಂಬ ಅಲ್ಲಾಡಿಸಿದೆ, ಟಕ್ ಸದ್ದು ಇಲ್ಲ. ಆದರೆ ಬಕೆಟ್ ಪಿನ್ನು ಕೂರುವ ಜಾಗದಲ್ಲಿ, ನಾನು ಮುಟ್ಟೇ ಇರದ ಒಂದು ಹಳೆ ವೆಲ್ಡಿನ ಪಕ್ಕ, ಬೆರಳುದ್ದ ಕೆಂಪು ಗೆರೆ ಕಂಡಿತು. ಭಾವನಿಗೆ ತೋರಿಸಿದೆ. ಅವರು ಬಗ್ಗಿ ನೋಡಿ, "ಇದಕ್ಕೆ ಒಂದು ಪಟ್ಟಿ" ಅಂತ ಶುರು ಮಾಡಿದವರು ನನ್ನ ಮುಖ ನೋಡಿ ಸುಮ್ಮನಾಗಿ, ಗ್ರೀಸ್ ಗನ್ ತರಲು ಒಳಗೆ ಹೋದರು.